ಮೂರು ಬೀಗಗಳ ಪೆಟ್ಟಿಗೆ: ಕ್ರೈಸ್ತ ಜೀವನದಲ್ಲಿ ತಾಳ್ಮೆಯೂ ಹಣದ ವೆಚ್ಚವೂ

ಸಂಬಳ ಕೈಗೆ ಬಂದ ದಿನ ನಮ್ಮ ಜನರ ಮುಖದಲ್ಲಿ ಕಾಣುವ ಕಳೆಯನ್ನು ಮುಂಬಯಿಯ ಯಾವ ಬೀದಿಯಲ್ಲಾದರೂ ನೋಡಬಹುದು. ಮಾಟುಂಗದ ಹೋಟೆಲಿನ ಮಾಣಿಯಿರಲಿ, ಕೋಟೆ ವಿಭಾಗದ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಿರಲಿ, ಅಂದಿನ ಸಂಜೆ ಆತನ ನಡಿಗೆಯೇ ಬೇರೆ. ಹತ್ತನೆಯ ತಾರೀಖಿನ ಹೊತ್ತಿಗೆ ಆ ಕಳೆ ಮಾಸಿಹೋಗಿರುತ್ತದೆ. ಊರಿಗೆ ಕಳುಹಿಸಿದುದು ಇಷ್ಟು, ಖೋಲಿಯ ಬಾಡಿಗೆಗೆ ಇಷ್ಟು, ಹಳೆಯ ಸಾಲದ ಕಂತಿಗೆ ಇಷ್ಟು ಎಂದು ಕಳೆಯುತ್ತ ಹೋದರೆ ಕೊನೆಗೆ ಉಳಿಯುವುದು ತಿಂಗಳ ಇಪ್ಪತ್ತು ದಿನಗಳು ಮಾತ್ರ. ಇಂತಹವನ ಮುಂದೆ ನಿಂತು ತಾಳ್ಮೆಯನ್ನೂ ಮಿತವ್ಯಯವನ್ನೂ ಬೋಧಿಸುವವರಿಗೆ ನಮ್ಮ ದೇಶದಲ್ಲಿ ಎಂದೂ ಕೊರತೆಯಾಗಿಲ್ಲ. ಬೋಧಿಸುವವರು ಬಹುಮಟ್ಟಿಗೆ ಹೊಟ್ಟೆ ತುಂಬಿದವರೇ ಆಗಿರುವುದರಿಂದ ಕೇಳುವವರು ತಲೆದೂಗಿ, ಹೊರಗೆ ಬಂದು, ಮತ್ತೆ ಸಾಲದ ಅಂಗಡಿಗೇ ಹೋಗುವುದು ಆಶ್ಚರ್ಯವಲ್ಲ.

ಆಸೆಯನ್ನು ಮುಂದೂಡುವ ಈ ವಿಷಯದಲ್ಲಿ ಕ್ರೈಸ್ತ ಧರ್ಮದ ಅನುಭವ ದೊಡ್ಡದು. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದಕ್ಕೆ ಕಾರಣವಿದೆ. ಬರಿಯ ಉಪದೇಶಕ್ಕೆ ನಿಲ್ಲದೆ, ಬಡವನಿಗೆ ತಾಳ್ಮೆ ಸಾಧ್ಯವಾಗಬೇಕಾದರೆ ಏನೇನು ಬೇಕು ಎಂದು ಯೋಚಿಸಿದ ಕೆಲವರು ಆ ಪರಂಪರೆಯಲ್ಲಿ ಆಗಿಹೋಗಿದ್ದಾರೆ. ನಮ್ಮ ವಾಚಕರಲ್ಲಿ ಕ್ರೈಸ್ತರೂ ಇದ್ದಾರೆ, ಇತರರೂ ಇದ್ದಾರೆ; ಸಂಬಳದ ಪಾಡು ಮಾತ್ರ ಎಲ್ಲರಿಗೂ ಒಂದೇ.

ಸತ್ಯವೇದದಲ್ಲಿ ತಾಳಲಾರದೆ ಕೆಟ್ಟವನೆಂದು ಮೊದಲು ಹೆಸರಾದವನು ಏಸಾವ. ಬೇಟೆಯಿಂದ ಬಳಲಿ ಬಂದ ಆತ, ತಮ್ಮನಾದ ಯಾಕೋಬನು ಬೇಯಿಸುತ್ತಿದ್ದ ಬೇಳೆಯ ಅಡಿಗೆಗೆ ಆಸೆಪಟ್ಟು, ಚೊಚ್ಚಲು ಮಗನ ಹಕ್ಕನ್ನೇ ಅದಕ್ಕೆ ಬದಲಾಗಿ ಮಾರಿಬಿಟ್ಟ. ಒಂದು ಹೊತ್ತಿನ ಊಟಕ್ಕೆ ತಲೆಮಾರುಗಳ ಆಸ್ತಿ ಹೋಯಿತು. ಪ್ರಸಂಗಪೀಠದಿಂದ ಈ ಕಥೆಯನ್ನು ಹೇಳುವಾಗಲೆಲ್ಲ ಏಸಾವನಿಗೇ ಛೀಮಾರಿ ಬೀಳುವುದು ವಾಡಿಕೆ. ನಮಗಾದರೋ ಇನ್ನೊಂದು ಪಾತ್ರದ ಮೇಲೆ ಕಣ್ಣು ಹೋಗುತ್ತದೆ. ಹಸಿದು ಬಂದ ಒಡಹುಟ್ಟಿದವನಿಗೆ ಒಂದು ಬೋಗುಣಿ ಬೇಳೆ ಬಡಿಸುವ ಮೊದಲು, ಹಕ್ಕನ್ನು ಬಿಟ್ಟುಕೊಡುವೆನೆಂದು ಆಣೆಮಾಡು ಎಂದವನು ಯಾಕೋಬ. ಹಸಿವಿನ ಹೊತ್ತನ್ನು ನೋಡಿ ಕರಾರು ಮಾಡಿಸಿಕೊಳ್ಳುವ ಈ ಜಾಣತನ ನಮ್ಮ ಜನರಿಗೆ ಅಪರಿಚಿತವೇನೂ ಅಲ್ಲ. ಒಂದು ಕಾಲದಲ್ಲಿ ಸಂಬಳದ ದಿನ ಬಾಗಿಲಲ್ಲಿ ಕಾದು ಕುಳಿತಿರುತ್ತಿದ್ದ ಬಡ್ಡಿ ವ್ಯಾಪಾರಿಯಲ್ಲಿ ಅದಿತ್ತು. ಇಂದು ಮೊಬೈಲ್ ಫೋನಿನಲ್ಲಿ ಕ್ಷಣಾರ್ಧದಲ್ಲಿ ಸಾಲ ಕೊಟ್ಟು, ಕಂತು ತಪ್ಪಿದರೆ ಬಂಧುಗಳಿಗೆಲ್ಲ ಕರೆ ಮಾಡಿ ಮಾನ ಕಳೆಯುವ ಸಾಲಗಾರ ಮಂಡಲಿಗಳಲ್ಲಿಯೂ ಇದೆ. ಏಸಾವನ ಹಸಿವು ನಿಜವಾದ ಹಸಿವು ಎಂಬುದನ್ನು ಮರೆತು ಆತನನ್ನು ಹಳಿಯುವುದು ಸುಲಭ.

ಮುಂದೆ ಯಾಕೋಬನಿಗೂ ತಕ್ಕ ಗುರು ಸಿಕ್ಕಿದ. ರಾಹೇಲಳನ್ನು ಮದುವೆಯಾಗುವುದಕ್ಕಾಗಿ ಆತ ಸೋದರಮಾವನಾದ ಲಾಬಾನನಲ್ಲಿ ಏಳು ವರ್ಷ ದುಡಿದ. ಮದುವೆಯ ರಾತ್ರಿ ಮಾವನು ದೊಡ್ಡ ಮಗಳನ್ನು ಕೊಟ್ಟು ವಂಚಿಸಿದ. ಆತ ಮತ್ತೆ ಏಳು ವರ್ಷ ದುಡಿದ. ಮಾವನು ತನ್ನ ಸಂಬಳವನ್ನು ಹತ್ತು ಸಲ ಬದಲಾಯಿಸಿದನೆಂದು ಯಾಕೋಬನು ಹೆಂಡಂದಿರ ಮುಂದೆ ಹೇಳಿಕೊಳ್ಳುವ ಮಾತು ಆದಿಕಾಂಡದಲ್ಲಿದೆ. ಸ್ವಂತ ಸಂಬಂಧಿಕರ ಹೋಟೆಲಿನಲ್ಲಿ ದುಡಿದವರು ಈ ಭಾಗವನ್ನು ಓದಿದರೆ ಅವರಿಗೆ ಟೀಕೆ ಟಿಪ್ಪಣಿ ಬೇಕಾಗದು.

ಕೂಡಿಡುವುದರ ಬಗೆಗೆ ಆ ಗ್ರಂಥ ಒಂದೇ ಮಾತನ್ನು ಹೇಳುವುದಿಲ್ಲ. ಯೋಸೇಫನು ಐಗುಪ್ತದಲ್ಲಿ ಏಳು ಸುಭಿಕ್ಷದ ವರ್ಷಗಳ ಬೆಳೆಯಲ್ಲಿ ಐದರಲ್ಲಿ ಒಂದು ಪಾಲನ್ನು ಕಣಜಗಳಲ್ಲಿ ಇರಿಸಿ, ಮುಂದಿನ ಏಳು ಕ್ಷಾಮದ ವರ್ಷಗಳಲ್ಲಿ ದೇಶವನ್ನು ಉಳಿಸಿದ. (ಅದೇ ಧಾನ್ಯವನ್ನು ಮಾರಿ, ಕೊನೆಗೆ ಜನರ ದನಕರುಗಳನ್ನೂ ಹೊಲಗಳನ್ನೂ ಅರಸನ ವಶ ಮಾಡಿದ ಎಂಬುದನ್ನು ಉಳಿತಾಯದ ಪ್ರಚಾರಕರು ಸಾಮಾನ್ಯವಾಗಿ ಹೇಳುವುದಿಲ್ಲ.) ಆದರೆ ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೊರೆತ ಮನ್ನವನ್ನು ನಾಳೆಗೆಂದು ಇಟ್ಟುಕೊಂಡರೆ ಹುಳ ಬೀಳುತ್ತಿತ್ತು, ಸಬ್ಬತ್ತಿನ ಹಿಂದಿನ ದಿನ ಎರಡು ಪಾಲು ಕೂಡಿಸಿದರೆ ಮಾತ್ರ ಕೆಡುತ್ತಿರಲಿಲ್ಲ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಡವೇ ಎಂದು ಯೇಸುಸ್ವಾಮಿ ಕೇಳುತ್ತಾರೆ. ದೊಡ್ಡ ಕಣಜ ಕಟ್ಟಿಸಿ ಇನ್ನು ಸುಖವಾಗಿರುವೆನೆಂದುಕೊಂಡ ಸಿರಿವಂತನನ್ನು ಅದೇ ರಾತ್ರಿ ಸಾಯಲಿರುವ ಮೂಢನೆಂದೂ ಅವರೇ ಚಿತ್ರಿಸುತ್ತಾರೆ. ಲೆಕ್ಕವಿಡುವುದು ಬೇರೆ, ಹಣದ ಮೇಲೆಯೇ ಕುಳಿತುಕೊಳ್ಳುವುದು ಬೇರೆ ಎಂಬ ವಿವೇಚನೆ ಈ ಎರಡು ಸಾಮತಿಗಳ ನಡುವೆ ಇದೆ.

ತಾಳ್ಮೆಯನ್ನು ಪಂಚಾಂಗದಲ್ಲಿಯೇ ಹೆಣೆದುಬಿಟ್ಟುದು ಈ ಧರ್ಮದ ಇನ್ನೊಂದು ವಿಶೇಷ. ಕ್ರಿಸ್ಮಸ್ಸಿಗೆ ಮೊದಲು ಆಗಮನ ಕಾಲವೆಂಬ ಕಾಯುವಿಕೆ. ಈಸ್ಟರಿಗೆ ಮೊದಲು 40 ದಿನಗಳ ತಪಸ್ಸು ಕಾಲ. ಉಪವಾಸದಿಂದ ಉಳಿದುದು ಉಪವಾಸಿಯ ಪೆಟ್ಟಿಗೆಗಲ್ಲ, ಬಡವನ ಹೊಟ್ಟೆಗೆ ಸೇರಬೇಕೆಂದು 5ನೆಯ ಶತಮಾನದಲ್ಲಿಯೇ ರೋಮಿನ ಧರ್ಮಗುರುವಾದ ಮಹಾ ಲಿಯೋ ತನ್ನ ಪ್ರಸಂಗಗಳಲ್ಲಿ ಬೋಧಿಸಿದ್ದ. ನಮ್ಮ ದಕ್ಷಿಣ ಕನ್ನಡದ ಕೆಥೋಲಿಕರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂವನ್ನು ಅರ್ಪಿಸುತ್ತಾರೆ; ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬಂದ ಮೇಲೆಯೇ ಹೊಸ ಅಕ್ಕಿಯ ಊಟ. ಗದ್ದೆಯಲ್ಲಿ ಕಣ್ಣೆದುರು ಬೆಳೆದುನಿಂತ ಭತ್ತ ಕೂಡ ಆ ದಿನದವರೆಗೆ ಕಾಯಬೇಕು. ಅವರ ನೆರೆಮನೆಯ ಹಿಂದೂಗಳಿಗೂ ಹೊಸ ಅಕ್ಕಿಯ ಊಟ ಹೀಗೆಯೇ ಕಾದು ಮಾಡುವಂಥದು. ದೂರದ ಊರುಗಳಲ್ಲಿ ದುಡಿಯುವ ಮಕ್ಕಳಿಗೆ ಮನೆಯವರು ಆ ತೆನೆಯ ಕೆಲವು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ರೂಢಿಯುಂಟು. ಅದೇ ಹೊತ್ತಿನಲ್ಲಿ ಬಾಂದ್ರಾದ ಮೌಂಟ್ ಮೇರಿಯ ಜಾತ್ರೆಗೆ ಗುಡ್ಡ ಹತ್ತುವ ಜನಸಂದಣಿಯಲ್ಲಿ ಅಂತಹ ಲಕೋಟೆಯನ್ನು ಕಿಸೆಯಲ್ಲಿಟ್ಟುಕೊಂಡವರು ಎಷ್ಟು ಮಂದಿಯೋ!

ಹಬ್ಬಕ್ಕೆ ಕಾಯುವುದು ಒಂದು ಸಂತೋಷ. ಆದರೆ ಕೂಲಿಯವನು ತನ್ನ ಕೂಲಿಯಲ್ಲಿ ನಾಲ್ಕು ಕಾಸನ್ನು ಇಂದು ಖರ್ಚುಮಾಡದೆ ಎರಡು ವರ್ಷ ಕಾಯಬೇಕಾದರೆ, ಆ ಕಾಸನ್ನು ಆತ ಇಡುವುದೆಲ್ಲಿ? ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವನು ಸ್ಕಾಟ್ಲೆಂಡಿನ ಒಬ್ಬ ಹಳ್ಳಿಯ ಪಾದ್ರಿ.

ಆತನ ಹೆಸರು ಹೆನ್ರಿ ಡಂಕನ್. ಹುಟ್ಟಿದುದು 1774ರಲ್ಲಿ. ಯೌವನದಲ್ಲಿ ಲಿವರ್‌ಪೂಲಿನ ಒಂದು ಬ್ಯಾಂಕಿನಲ್ಲಿ ಕೆಲಕಾಲ ಗುಮಾಸ್ತಿಕೆ ಮಾಡಿದ. ಆ ಕೆಲಸ ಹಿಡಿಸದೆ ವೇದಾಂತ ಶಾಸ್ತ್ರವನ್ನು ಓದಿ 1799ರಲ್ಲಿ ಡಂಫ್ರೀಸ್ ಸೀಮೆಯ ರಥ್‌ವೆಲ್ ಎಂಬ ಬಡ ಹಳ್ಳಿಗೆ ಸಭಾಪಾಲಕನಾಗಿ ಬಂದ. ಬೆಳೆ ಕೆಟ್ಟ ವರ್ಷದಲ್ಲಿ ಲಿವರ್‌ಪೂಲಿನಿಂದ ಧಾನ್ಯ ತರಿಸಿ ಕೊಂಡ ಬೆಲೆಗೇ ಊರವರಿಗೆ ಮಾರಿದ. ಗುಮಾಸ್ತನಾಗಿ ಕಲಿತ ಲೆಕ್ಕವನ್ನು ಪಾದ್ರಿಯಾದ ಮೇಲೆ ಮರೆಯಲಿಲ್ಲವೆಂಬುದು ನಮ್ಮ ಗುಮಾಸ್ತ ಬಾಂಧವರು ಗಮನಿಸಬೇಕಾದ ಸಂಗತಿ.

ಆ ಕಾಲದ ಬ್ಯಾಂಕುಗಳು 10 ಪೌಂಡಿಗಿಂತ ಕಡಮೆ ಹಣವನ್ನು ಠೇವಣಿಯಾಗಿ ಮುಟ್ಟುತ್ತಿರಲಿಲ್ಲ. ಹೊಲದ ಆಳಿಗೆ 10 ಪೌಂಡು ಒಟ್ಟಿಗೆ ಕಾಣುವುದು ಕನಸಿನ ಮಾತು. ಉಳಿದ ಚಿಲ್ಲರೆಯನ್ನು ಹುಲ್ಲುಮಾಡಿನ ಸಂದಿನಲ್ಲಿಟ್ಟರೆ ಕಳ್ಳನ ಭಯ, ಕಿಸೆಯಲ್ಲಿಟ್ಟರೆ ಹೆಂಡದಂಗಡಿಯ ಭಯ, ಪರಿಚಯದವನಿಗೆ ಕೊಟ್ಟರೆ ಆತ ದಿವಾಳಿಯೆದ್ದರೆ ಎಂಬ ಭಯ. ಹೀಗಿರುವಾಗ ಇಂದೇ ಖರ್ಚುಮಾಡುವುದು ಅವಿವೇಕವೆಂದು ಹೇಗೆ ಹೇಳುವುದು? ಡಂಕನ್ 1810ರಲ್ಲಿ ಹಳ್ಳಿಯ ಒಂದು ಸಣ್ಣ ಮನೆಯಲ್ಲಿ ಉಳಿತಾಯದ ಬ್ಯಾಂಕನ್ನು ತೆರೆದ. ಆರು ಪೆನ್ನಿ, ಎಂದರೆ ಅರ್ಧ ಷಿಲ್ಲಿಂಗ್ ತಂದವನಿಗೂ ಅಲ್ಲಿ ಖಾತೆ. ಬಂದ ಹಣವನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ಬ್ಯಾಂಕಿನಲ್ಲಿ ಇಟ್ಟರೆ ನೂರಕ್ಕೆ 5ರಂತೆ ಬಡ್ಡಿ ಬರುತ್ತಿತ್ತು. ಅದರಲ್ಲಿ 4ನ್ನು ಠೇವಣಿದಾರರಿಗೆ ಕೊಟ್ಟು ಉಳಿದುದನ್ನು ಸಂಸ್ಥೆಯ ವೆಚ್ಚಕ್ಕೂ ಇತರ ಉಪಯೋಗಕ್ಕೂ ಇಟ್ಟರು. ಹಣದ ಪೆಟ್ಟಿಗೆಗೆ ಮೂರು ಬೀಗಗಳು. ಮೂರು ಕೀಲಿಕೈಗಳೂ ಒಟ್ಟಿಗೆ ಬಾರದೆ ಪೆಟ್ಟಿಗೆ ತೆರೆಯುವಂತಿಲ್ಲ. ಪಾದ್ರಿಯ ಮೇಲೆ ಊರವರಿಗೆ ನಂಬಿಕೆಯಿರಲಿಲ್ಲವೆಂದಲ್ಲ. ಒಬ್ಬನ ಒಳ್ಳೆಯತನವೊಂದನ್ನೇ ನೆಚ್ಚಿ ಬಡವರ ಹಣವನ್ನು ಇಡಬಾರದೆಂದು ಆ ಬೀಗಗಳು ಹೇಳುತ್ತವೆ.

ಮೊದಲನೆಯ ವರ್ಷ ಕೂಡಿದುದು 151 ಪೌಂಡು. ನಾಲ್ಕನೆಯ ವರ್ಷಕ್ಕೆ 922 ಪೌಂಡು. ಇವರು ದುಂದುಗಾರರು, ಇವರಿಗೆ ನಾಳೆಯ ಪರಿವೆಯಿಲ್ಲ ಎಂದು ಜಮೀನುದಾರರಿಂದ ಹಳಿಸಿಕೊಂಡವರೇ ಈ ಹಣವನ್ನು ತಂದವರು. ನಾಲ್ಕು ವರ್ಷಗಳಲ್ಲಿ ಅವರ ಸ್ವಭಾವ ಬದಲಾಯಿತೇ? ನಮಗೆ ಹಾಗೆ ತೋರುವುದಿಲ್ಲ. ಮೊದಲು ಇಲ್ಲದಿದ್ದ ಬಾಗಿಲೊಂದು ತೆರೆಯಿತು, ಅಷ್ಟೆ.

ಡಂಕನ್ ಮಾಡಿದುದೆಲ್ಲವೂ ನಮಗೆ ಒಪ್ಪಿಗೆಯಿಲ್ಲ. ಹೊಸದಾಗಿ ಖಾತೆ ತೆರೆಯುವವನ ವಯಸ್ಸು, ಸಂಸಾರ, ನಡತೆಗಳನ್ನೆಲ್ಲ ವಿಚಾರಿಸುವ ನಿಯಮ ರಥ್‌ವೆಲ್‌ನಲ್ಲಿ ಇತ್ತು. ತನ್ನ ಅರ್ಧ ಷಿಲ್ಲಿಂಗನ್ನು ತಾನೇ ಇಡಲು ಬಂದವನಿಗೆ ನಡತೆಯ ಪರೀಕ್ಷೆ ಏತಕ್ಕೆ? ಇಂಗ್ಲೆಂಡಿನ ಪ್ರಖರ ಪತ್ರಿಕಾಕರ್ತ ವಿಲಿಯಂ ಕಾಬೆಟ್ 1817ರಲ್ಲಿ ಉಳಿತಾಯದ ಬ್ಯಾಂಕುಗಳೇ ಬಡವರಿಗೆ ಒಡ್ಡಿದ ಹೊಸ ಮೋಸವೆಂದು ಕಟುವಾಗಿ ಬರೆದ. ಉಳಿಸಲು ಏನೂ ಇಲ್ಲದ ಕೂಲಿ ಕೊಟ್ಟು ಉಳಿಸಿರೆನ್ನುವುದು ಅಪಹಾಸ್ಯವೆಂಬ ಅಂತಹವರ ಸಿಟ್ಟಿನಲ್ಲಿ ಹುರುಳಿಲ್ಲದಿಲ್ಲ. ಆದರೂ ಅದೇ 1817ರಲ್ಲಿ ಇಂಗ್ಲೆಂಡಿಗೆ, 1819ರಲ್ಲಿ ಸ್ಕಾಟ್ಲೆಂಡಿಗೆ ಉಳಿತಾಯ ಬ್ಯಾಂಕುಗಳ ಕಾಯಿದೆಗಳಾದುವು. 1861ರಲ್ಲಿ ಬ್ರಿಟನ್ನಿನ ಅಂಚೆಕಚೇರಿಗಳು ಉಳಿತಾಯದ ಹಣ ಸ್ವೀಕರಿಸತೊಡಗಿದುವು. 1882ರಲ್ಲಿ ನಮ್ಮ ದೇಶದ ಅಂಚೆಕಚೇರಿಗಳಿಗೂ ಆ ಪದ್ಧತಿ ಬಂತು. ಊರಿನಲ್ಲಿ ತಾಯಿಯ ಹೆಸರಿನಲ್ಲಿ ಅಂಚೆಯ ಪಾಸು ಪುಸ್ತಕವಿರುವ ನಮ್ಮ ವಾಚಕರು ಆ ಹಳ್ಳಿಯ ಪಾದ್ರಿಗೆ ದೂರದ ನೆಂಟರು. ಡಂಕನ್ ಸ್ವತಃ ಹಣಕ್ಕೆ ಅಂಟಿಕೊಂಡವನಲ್ಲ. 1843ರಲ್ಲಿ ಸ್ಕಾಟ್ಲೆಂಡಿನ ಸಭೆ ಒಡೆದಾಗ ಮನಸ್ಸಾಕ್ಷಿಗಾಗಿ ಸರಕಾರಿ ಸಭೆಯನ್ನು ತೊರೆದು, ಅದರೊಂದಿಗೆ ಬರುತ್ತಿದ್ದ ಸಂಬಳವನ್ನೂ ನಾಲ್ಕು ದಶಕ ವಾಸವಾಗಿದ್ದ ಮನೆಯನ್ನೂ ತೊರೆದ. 1846ರಲ್ಲಿ ತೀರಿಕೊಂಡ. ಬ್ಯಾಂಕು ನಡೆದ ಆ ಪುಟ್ಟ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ.

ತಾಳ್ಮೆ ಎಂಬುದು ಹುಟ್ಟುಗುಣವೋ, ನಂಬಿಕೆಯ ಫಲವೋ ಎಂಬ ವಿಷಯದಲ್ಲಿ ಅಮೇರಿಕದ ಮನಶ್ಶಾಸ್ತ್ರಜ್ಞರು ಚಿಕ್ಕ ಮಕ್ಕಳ ಮೇಲೆ ನಡೆಸಿದ ಪರೀಕ್ಷೆಗಳು ಇಲ್ಲಿ ನೆನಪಿಗೆ ಬರುತ್ತವೆ. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಮಿಷೆಲ್, ಮಗುವಿನ ಮುಂದೆ ಮಿಠಾಯಿಯನ್ನಿಟ್ಟು, ಈಗಲೇ ತಿಂದರೆ ಒಂದು, ಕಾದರೆ ಎರಡು ಎಂದು ಹೇಳಿ ಹೊರಗೆ ಹೋಗುವ ಪರೀಕ್ಷೆಯನ್ನು ಆರಂಭಿಸಿದ. ಕಾದ ಮಕ್ಕಳು ಮುಂದೆ ವಿದ್ಯೆಯಲ್ಲಿ ಮೇಲಾದರೆಂಬ ವರದಿ ಲೋಕಪ್ರಸಿದ್ಧವಾಯಿತು. ಬಡತನಕ್ಕೆ ಬಡವನ ಅವಸರವೇ ಕಾರಣವೆನ್ನುವವರಿಗೆ ಒಳ್ಳೆಯ ಆಯುಧವೂ ಆಯಿತು. ಆದರೆ 2018ರಲ್ಲಿ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನವೊಂದು ಮನೆಯ ಸ್ಥಿತಿಗತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ವ್ಯತ್ಯಾಸದ ಬಹುಭಾಗ ಕರಗಿಹೋಯಿತು. ಅದಕ್ಕೂ ಮೊದಲು, 2013ರಲ್ಲಿ ಪ್ರಕಟವಾದ ರಾಚೆಸ್ಟರ್ ವಿಶ್ವವಿದ್ಯಾಲಯದ ಪರೀಕ್ಷೆ ಇನ್ನೂ ಸ್ವಾರಸ್ಯವಾದುದು. ಅಲ್ಲಿ 28 ಮಕ್ಕಳಲ್ಲಿ ಅರ್ಧ ಮಂದಿಗೆ ಮೊದಲು ಬಣ್ಣದ ಕಡ್ಡಿ ಮುಂತಾದ ಒಳ್ಳೆಯ ಸಾಮಗ್ರಿ ತರುವೆನೆಂದು ಹೇಳಿದ ಹಿರಿಯರು ಬರಿಗೈಯಲ್ಲಿ ಬಂದರು; ಉಳಿದರ್ಧ ಮಂದಿಗೆ ಹೇಳಿದಂತೆಯೇ ತಂದುಕೊಟ್ಟರು. ಆಮೇಲೆ ಮಿಠಾಯಿಯ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತಿಗೆ ತಪ್ಪಿದವರನ್ನು ಕಂಡವರು 3 ನಿಮಿಷ. ಮೋಸಹೋದ ಮಗು ಬೇಗ ತಿಂದುದು ತಾಳ್ಮೆ ಕಡಮೆಯಾಗಿ ಅಲ್ಲ. ಅದಕ್ಕೆ ಲೋಕವ್ಯವಹಾರ ಅರ್ಥವಾಗಿತ್ತು.

ಮುಳುಗಿದ ಚೀಟಿಯೊಂದರಲ್ಲಿ ಹಣ ಕಳೆದುಕೊಂಡವನನ್ನು ಮತ್ತೆ ಉಳಿತಾಯಕ್ಕೆ ಒಪ್ಪಿಸಲು ಹೋದವರಿಗೆ ಇದು ಗೊತ್ತಿರುವ ಸಂಗತಿಯೇ. ನಮ್ಮ ಕರಾವಳಿಯವರೂ ಇದನ್ನು ಚೆನ್ನಾಗಿ ಅರಿತಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟನು ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಒಯ್ಯುತ್ತಿದ್ದ. ನಿತ್ಯ ಮುಖ ಕಂಡ ಮನುಷ್ಯ, ನಿತ್ಯ ಬರೆದ ಲೆಕ್ಕ. ರಥ್‌ವೆಲ್‌ನ ಮೂರು ಬೀಗಗಳು ಮಾಡಿದ ಕೆಲಸವನ್ನು ಇಲ್ಲಿ ಆ ಪುಟ್ಟ ಪುಸ್ತಕ ಮಾಡಿತು.

ಉಳಿಸಿದುದು ಏತಕ್ಕೆ ಎಂಬ ಪ್ರಶ್ನೆ ಬಂದಾಗ ಮೆಥಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯ (1703-1791) ಉತ್ತರ ಎಲ್ಲರಿಗಿಂತ ಕಠಿನವಾದುದು. ಆಕ್ಸ್‌ಫರ್ಡಿನ ಆರಂಭದ ದಿನಗಳ ಒಬ್ಬ ಸಂಗಡಿಗನ ಲೆಕ್ಕವನ್ನು ಆತ ಒಂದು ಪ್ರಸಂಗದಲ್ಲಿ ಕೊಟ್ಟಿದ್ದಾನೆ; ಅದು ಆತನದೇ ಲೆಕ್ಕವೆಂದು ಓದುಗರು ಬಹುಕಾಲದಿಂದ ತಿಳಿದುಕೊಂಡಿದ್ದಾರೆ. ವರ್ಷಕ್ಕೆ 30 ಪೌಂಡು ಬರುತ್ತಿದ್ದಾಗ 28ರಲ್ಲಿ ಬಾಳಿ 2 ಪೌಂಡನ್ನು ದಾನಮಾಡಿದ. ಮರುವರ್ಷ 60 ಬಂತು; 28ರಲ್ಲಿಯೇ ಬಾಳಿ 32 ಕೊಟ್ಟ. ಮೂರನೆಯ ವರ್ಷ 90 ಬಂದಾಗ ಕೊಟ್ಟುದು 62. ನಾಲ್ಕನೆಯ ವರ್ಷ 120 ಬಂದಾಗ 92. ಸಂಬಳ ಹೆಚ್ಚಿದಂತೆ ನಮ್ಮ ಅಗತ್ಯಗಳೂ ತಾವಾಗಿಯೇ ಹೆಚ್ಚುವುದೇಕೆಂದು ಈ ಲೆಕ್ಕ ಕೇಳುತ್ತದೆ. ಹೆಂಡತಿ, ಮಕ್ಕಳು, ಊರಿನಲ್ಲಿ ಮುದಿ ತಂದೆತಾಯಿ ಇರುವವನು ಇದನ್ನು ಹೀಗೆಯೇ ಅನುಸರಿಸಲಾರ. ವೆಸ್ಲಿಯೂ ಮನೆಯವರ ಅಗತ್ಯವನ್ನು ಮೊದಲು ಪೂರೈಸಬೇಕೆಂದೇ ಹೇಳಿದ್ದಾನೆ. ಆದರೆ ಆತನಿಗೆ ಒಂದು ಅಳುಕು ಕೊನೆಯವರೆಗೂ ಇತ್ತು. ಧರ್ಮದಿಂದ ಶ್ರಮಶೀಲತೆಯೂ ಮಿತವ್ಯಯವೂ ಬರುತ್ತವೆ, ಅವುಗಳಿಂದ ಹಣ ಬರುತ್ತದೆ, ಹಣದಿಂದ ಗರ್ವ ಬಂದು ಧರ್ಮವೇ ಸೊರಗುತ್ತದೆ ಎಂದು 1786ರಲ್ಲಿ ತನ್ನ ಪಂಥದ ಬಗೆಗೇ ಆತ ಬರೆದ. ತಟ್ಟೆ ತೊಳೆದು ಮೇಲೆ ಬಂದು, ಇಂದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿರುವ ನಮ್ಮ ಹೋಟೆಲು ಧಣಿಗಳು ಒಮ್ಮೆ ಓದಬೇಕಾದ ಮಾತು ಅದು.

ಧಣಿಗಳ ಪ್ರಸ್ತಾಪ ಬಂದುದರಿಂದ ಹೇಳಬೇಕಾದುದನ್ನು ಹೇಳಿಯೇಬಿಡುತ್ತೇವೆ. ಊರಿನಿಂದ ಬಂದ ಹುಡುಗನ ಸಂಬಳವನ್ನು ತಿಂಗಳು ತಿಂಗಳೂ ಕೈಗೆ ಕೊಡದೆ, ಹುಡುಗ ಹಾಳುಮಾಡಿಕೊಳ್ಳುತ್ತಾನೆಂದು ಧಣಿಯೇ ಇಟ್ಟುಕೊಂಡು, ರಜೆಯಲ್ಲಿ ಊರಿಗೆ ಹೋಗುವಾಗ ಲೆಕ್ಕಮಾಡಿ ಕೊಡುವ ವಾಡಿಕೆ ನಮ್ಮ ಹೋಟೆಲುಗಳಲ್ಲಿ ಬಹುಕಾಲ ನಡೆದುಬಂದಿದೆ. ಎಷ್ಟೋ ಧಣಿಗಳು ಪೈಸೆಗೆ ಪೈಸೆ ಲೆಕ್ಕ ಕೊಟ್ಟಿದ್ದಾರೆ. ಆ ಹಣದಿಂದ ತಂಗಿಯ ಮದುವೆಯಾದುದೂ, ಸೋರುವ ಮನೆಗೆ ಹಂಚು ಬಿದ್ದುದೂ ಉಂಟು. ಮತ್ತೆ ಕೆಲವೆಡೆ ಒಡೆದ ಗಾಜಿನ ಲೋಟ, ತಪ್ಪಿದ ಹಾಜರಿ, ಎಂದೋ ಕೊಟ್ಟ ಮುಂಗಡ ಎಂದು ಕಳೆದು ಕಳೆದು, ಎರಡು ವರ್ಷ ಕಾದ ಹುಡುಗನ ಕೈಗೆ ಬಂದುದು ಬಸ್ಸಿನ ಖರ್ಚಿಗಿಂತ ತುಸು ಹೆಚ್ಚು. ಇದು ಮೋಶೆಯ ಕಾಲಕ್ಕೂ ಹೊಸತಲ್ಲ. ಬಡ ಕೂಲಿಯವನ ಕೂಲಿಯನ್ನು ಅದೇ ದಿನ ಸೂರ್ಯ ಮುಳುಗುವುದರೊಳಗೆ ಕೊಡಬೇಕು, ಆತ ಅದನ್ನೇ ನೆಚ್ಚಿಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡ ವಿಧಿಸುತ್ತದೆ.

ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆಯೆಂಬುದೊಂದಿದೆ. ಈ ಯಾಕೋಬನು ಬೇರೆ. ಅದರ ಐದನೆಯ ಅಧ್ಯಾಯದಲ್ಲಿ ಮುಂಗಾರು ಹಿಂಗಾರು ಮಳೆಗಳಿಗಾಗಿ ಕಾಯುವ ಒಕ್ಕಲಿಗನನ್ನು ತಾಳ್ಮೆಗೆ ಮಾದರಿಯಾಗಿ ತೋರಿಸಿದೆ. ತಾಳ್ಮೆಯ ಮೇಲೆ ಪ್ರಸಂಗ ಮಾಡುವವರು ಎತ್ತಿಕೊಳ್ಳುವ ಏಳನೆಯ ವಚನ ಇದೇ. ಆ ಒಕ್ಕಲಿಗ ಕಾಣುವುದಕ್ಕೆ ಮೂರು ವಚನಗಳ ಮೊದಲು, ನಾಲ್ಕನೆಯದರಲ್ಲಿ, ಪೈರು ಕೊಯ್ದ ಆಳುಗಳಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಬಾಯಿಬಿಟ್ಟು ಕೂಗಿಕೊಳ್ಳುತ್ತಿದೆಯೆಂದೂ ಆ ಕೂಗು ದೇವರ ಕಿವಿಗೆ ಬಿದ್ದಿದೆಯೆಂದೂ ಐಶ್ವರ್ಯವಂತರಿಗೆ ಹೇಳಿದೆ. ಆಳುಗಳಿಗೆ ತಾಳ್ಮೆಯ ಮಾತನ್ನು ಹೇಳುವ ಮೊದಲು ಪತ್ರ ಬರೆದವನು ಧಣಿಯ ಲೆಕ್ಕವನ್ನು ಕೇಳಿದ್ದಾನೆ. ಹುಡುಗರ ಸಂಬಳವನ್ನು ತಮ್ಮಲ್ಲಿ ಇಟ್ಟುಕೊಂಡಿರುವ ಹೋಟೆಲುಗಳವರು ಈ ತಿಂಗಳಿನಿಂದಲೇ ಪ್ರತಿಯೊಬ್ಬ ಹುಡುಗನ ಹೆಸರಿನಲ್ಲಿ ಅಂಚೆಯಲ್ಲಿಯೋ ಬ್ಯಾಂಕಿನಲ್ಲಿಯೋ ಖಾತೆ ತೆರೆಸಿ, ಪಾಸು ಪುಸ್ತಕವನ್ನು ಆತನ ಟ್ರಂಕಿನಲ್ಲಿಯೇ ಇರಗೊಡಬಹುದು. ಖಾತೆ ತೆರೆಯುವ ಕಾಗದಪತ್ರಗಳನ್ನು ತುಂಬಿಕೊಡಲು ಪಕ್ಕದ ಖೋಲಿಯ ಗುಮಾಸ್ತರಿಗೆ ಒಂದು ಭಾನುವಾರದ ಬೆಳಗು ಸಾಕು.